ಮನೆ ಮಾರುವಾಗ ಎಷ್ಟು ಬೆಲೆ ಹೇಳಬೇಕು?

ಮೂವರು ಏಜೆಂಟರು ಮೂರು ಬೆಲೆ ಹೇಳಿದ್ದಾರೆ, ಅಡುಗೆಮನೆ ನವೀಕರಿಸಿದ ಖರ್ಚೂ ಹುಟ್ಟಬೇಕು, ಚೌಕಾಸಿಗೆ ಜಾಗವಿರಲೆಂದು ಎಲ್ಲಕ್ಕಿಂತ ದೊಡ್ಡ ಬೆಲೆಯಿಂದಲೇ ಶುರು ಮಾಡಬಹುದೇ ಎಂದು ಕೇಳಿದ್ದೀರಿ. ಹಾಗೆ ಮಾಡಿ ಕೈಸುಟ್ಟುಕೊಂಡವನು ನಾನು. ಬೇಡ.

ನಮ್ಮ ಮನೆ ಮಾರಲು ಹೊರಟಾಗ ನನ್ನ ಕೈಯಲ್ಲಿ ಒಂದು ಫೈಲ್ ಇತ್ತು. ಬಣ್ಣ, ಟೈಲ್ಸ್, ಗೋಡೆಗೆ ಹೊಂದಿಸಿ ಮಾಡಿಸಿದ ಪುಸ್ತಕದ ಕಪಾಟು, ಎಲ್ಲದರ ರಸೀದಿಗಳೂ ಅದರಲ್ಲಿದ್ದವು. ಅವನ್ನೆಲ್ಲ ಕೂಡಿಸಿಯೇ ಬೆಲೆ ಕಟ್ಟಿದ್ದೆ. ಮೊದಲು ನೋಡಲು ಬಂದ ದಂಪತಿಯಲ್ಲಿ ಆಕೆ ಕಪಾಟಿನ ಮುಂದೆ ನಿಂತರು. ಮರ ಯಾವುದೆಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ, "ಇದನ್ನು ಕಿತ್ತರೆ ಗೋಡೆ ಹಾಳಾಗುತ್ತದೆಯೇ?" ಎಂದು ಕೇಳಿದರು. ಅವರ ಗಂಡ ಅಷ್ಟರಲ್ಲೇ ಬಚ್ಚಲುಮನೆಯೊಳಗೆ ಹೋಗಿ, ಚಾವಣಿಯ ಮೂಲೆಯಲ್ಲಿದ್ದ ಅಂಗೈಯಗಲದ ತೇವದ ಕಲೆಗೆ ಮೊಬೈಲ್ ಬೆಳಕು ಬಿಡುತ್ತಿದ್ದರು. ನನ್ನ ಲೆಕ್ಕದಲ್ಲಿ ಕಪಾಟು ಇತ್ತು, ಕಲೆ ಇರಲಿಲ್ಲ. ಅವರ ಲೆಕ್ಕ ತಿರುವುಮುರುವಾಗಿತ್ತು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಮನೆಯ ವಿಷಯದಲ್ಲೂ ನಿಜ. 1990ರ ದಶಕದ ಬೋಸ್ಟನ್ ಅಪಾರ್ಟ್‌ಮೆಂಟ್ ಮಾರಾಟಗಳನ್ನು ಪರಿಶೀಲಿಸಿ ಜೆನೆಸೋವ್ ಮತ್ತು ಮೇಯರ್ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲಿ ಬರೆದ ಲೇಖನವೊಂದಿದೆ. ಕೊಂಡ ಬೆಲೆಯೂ ಹುಟ್ಟದ ಸ್ಥಿತಿಯಲ್ಲಿದ್ದವರು, ತಮಗಾಗಬಹುದಾದ ನಷ್ಟದ ಶೇಕಡಾ 25ರಿಂದ 35ರಷ್ಟನ್ನು ಕೇಳುವ ಬೆಲೆಗೆ ಸೇರಿಸಿಬಿಡುತ್ತಿದ್ದರಂತೆ. ಅದರಿಂದ ಅವರಿಗೆ ತುಸು ಹೆಚ್ಚು ಸಿಕ್ಕಿದ್ದೂ ಉಂಟು, ಆದರೆ ಮನೆ ಬಿಕರಿಯಾಗಲು ಹೆಚ್ಚು ಕಾಲ ಕಾಯಬೇಕಾಯಿತು. ಕಾಯುವಷ್ಟು ಕಾಲ ಸಾಲದ ಬಡ್ಡಿ, ತೆರಿಗೆ, ನಿರ್ವಹಣೆ ಎಲ್ಲವೂ ನಮ್ಮ ತಲೆಯ ಮೇಲೇ.

ಹಾಗಾದರೆ ಬೆಲೆ ಹೊಳೆಯುವುದು ಎಲ್ಲಿಂದ? ಸುತ್ತಮುತ್ತ ಕಳೆದ ಆರೇಳು ತಿಂಗಳಲ್ಲಿ ನಿಜವಾಗಿ ಕೈಬದಲಾದ ಮನೆಗಳಿಂದ. ಜಾಹೀರಾತಿನ ಬೆಲೆ ಮಾರುವವನ ಆಸೆ ಮಾತ್ರ. ವಿಸ್ತೀರ್ಣ, ವಯಸ್ಸು, ಮಹಡಿ, ವಾಹನ ನಿಲ್ಲಿಸುವ ಜಾಗ ಇವುಗಳಲ್ಲಿ ನಿಮ್ಮದಕ್ಕೆ ಹತ್ತಿರವಾದ ನಾಲ್ಕೈದು ಮನೆಗಳು ಸಾಕು. ಅಡುಗೆಮನೆಯ ಪ್ರಶ್ನೆಗೂ ಉತ್ತರ ಅಲ್ಲೇ ಇದೆ: ಉಳಿದೆಲ್ಲದರಲ್ಲೂ ಸರಿಸಮನಾದ ಎರಡು ಮನೆಗಳಲ್ಲಿ, ಹೊಸ ಅಡುಗೆಮನೆಯಿದ್ದದ್ದಕ್ಕೆ ಜನ ಎಷ್ಟು ಹೆಚ್ಚು ಕೊಟ್ಟಿದ್ದಾರೋ ಅಷ್ಟೇ ಅದರ ಬೆಲೆ. ನಿಮ್ಮ ರಸೀದಿಗೂ ಅದಕ್ಕೂ ಸಂಬಂಧವಿಲ್ಲ. ತಿಂಗಳುಗಟ್ಟಲೆ ಮಾರಾಟವಾಗದೆ ಕುಳಿತ ಜಾಹೀರಾತುಗಳನ್ನೂ ನೋಡಿ. ಜನ ಎಷ್ಟು ಕೊಡಲೊಪ್ಪುವುದಿಲ್ಲ ಎಂಬುದನ್ನು ಅವು ಹೇಳುತ್ತವೆ.

ಮೂವರು ಏಜೆಂಟರನ್ನೂ, ಯಾವ ಮಾರಾಟಗಳನ್ನು ನೋಡಿ ಈ ಬೆಲೆ ಹೇಳಿದಿರಿ ಎಂದು ಕೇಳಿ. ದೊಡ್ಡ ಅಂಕಿ ಹೇಳಿ ಕೆಲಸ ಗಿಟ್ಟಿಸಿಕೊಂಡು, ತಿಂಗಳಾದ ಮೇಲೆ ಇಳಿಸಿ ಎನ್ನುವವರಿದ್ದಾರೆ. ಅವಸರಪಡಿಸುವವರನ್ನೂ ಪೂರ್ತಿ ನಂಬಬೇಡಿ. ಷಿಕಾಗೋ ಸುತ್ತಲಿನ ಸುಮಾರು ಒಂದು ಲಕ್ಷ ಮಾರಾಟಗಳನ್ನು ನೋಡಿದ ಲೆವಿಟ್ ಮತ್ತು ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ತೋರಿಸಿದಂತೆ, ಏಜೆಂಟರು ಸ್ವಂತ ಮನೆಯನ್ನು ಮಾರುವಾಗ ಗಿರಾಕಿಗಳ ಮನೆಗಿಂತ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದು, ಶೇಕಡಾ 3.7ರಷ್ಟು ಹೆಚ್ಚು ಗಳಿಸುತ್ತಾರೆ! ಇನ್ನೊಂದು ಮಾತು: ನಿಮ್ಮ ಮನಸ್ಸಿನ ಅಂಕಿಯನ್ನು ಮೊದಲೇ ಬಾಯಿಬಿಡಬೇಡಿ. 1987ರ ಒಂದು ಪ್ರಯೋಗದಲ್ಲಿ ಒಂದೇ ಮನೆಗೆ ಬೇರೆ ಬೇರೆ ಕೇಳುವ ಬೆಲೆ ನಮೂದಿಸಿ ಏಜೆಂಟರಿಗೆ ತೋರಿಸಿದಾಗ, ಅವರ ಅಂದಾಜುಗಳೂ ಅದಕ್ಕೆ ತಕ್ಕಂತೆ ವಾಲಿದವು. ಆ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡೆವೆಂದು ಒಪ್ಪಿದವರು ಮಾತ್ರ ಕೆಲವರೇ.

ಚೌಕಾಸಿಗೆ ಜಾಗ ಬಿಡಿ, ಆದರೆ ಸ್ವಲ್ಪವೇ. ನಾನಾದರೆ ನೂರಕ್ಕೆ ಮೂರು ನಾಲ್ಕನ್ನು ಮೀರುವುದಿಲ್ಲ. ಕೊಳ್ಳುವವರು ಆನ್‌ಲೈನ್‌ನಲ್ಲಿ ಹುಡುಕುವಾಗ ಬೆಲೆಗೆ ಮಿತಿ ಹಾಕಿಕೊಳ್ಳುತ್ತಾರೆ. ನೂರರ ಮಿತಿ ಹಾಕಿದವನಿಗೆ ನೂರಾಎರಡರ ಮನೆ ಕಣ್ಣಿಗೇ ಬೀಳುವುದಿಲ್ಲ, ತೊಂಬತ್ತೆಂಟಕ್ಕೆ ಒಪ್ಪಲು ನೀವು ಸಿದ್ಧರಿದ್ದರೂ ಸಹ.

ಮೊದಲ ಎರಡು ಮೂರು ವಾರಗಳನ್ನು ಮಾತ್ರ ಹಾಳುಮಾಡಿಕೊಳ್ಳಬೇಡಿ. ಬಹುಕಾಲದಿಂದ ಹುಡುಕುತ್ತಿರುವವರೆಲ್ಲ ಆಗಲೇ ಬಂದು ನೋಡುತ್ತಾರೆ. ಆಮೇಲೆ ಬರುವವರು ಹೊಸದಾಗಿ ಹುಡುಕಾಟ ಶುರು ಮಾಡಿದವರಷ್ಟೇ. ಯಾರೂ ಬರದಿದ್ದರೆ ಬೆಲೆ ಹೆಚ್ಚಾಯಿತೆಂದೇ ಅರ್ಥ. ಅನೇಕರು ಬಂದು ಸುಮ್ಮನೆ ಹೋದರೆ, ಚಿತ್ರದಲ್ಲಿ ಕಾಣದ ಯಾವುದೋ ಅವರಿಗೆ ಕಂಡಿದೆ. ಇಳಿಸುವುದಾದರೆ ಒಂದೇ ಸಲ, ಕಣ್ಣಿಗೆ ಕಾಣುವಷ್ಟು ಇಳಿಸಿ.

ನಾನು ನಾಲ್ಕು ಸಲ ಚೂರುಚೂರೇ ಇಳಿಸಿದೆ. ಮೂರನೆಯ ಸಲದ ಹೊತ್ತಿಗೆ ಬಂದವರೆಲ್ಲ ಕೋಣೆ ನೋಡುವ ಮೊದಲೇ, "ಎಷ್ಟು ದಿನದಿಂದ ಮಾರಾಟಕ್ಕಿದೆ?" ಎಂದು ವಿಚಾರಿಸತೊಡಗಿದ್ದರು. ಕೊನೆಗೆ ಮಾರಿದ್ದು ಆ ಮೊದಲ ದಂಪತಿ ಕೊಡುತ್ತೇವೆಂದಿದ್ದಕ್ಕಿಂತ ಕಡಿಮೆಗೆ. ಬಚ್ಚಲುಮನೆಯ ಚಾವಣಿಯನ್ನು ದುರಸ್ತಿ ಮಾಡಿಸಿಕೊಟ್ಟಿದ್ದೂ ನಾನೇ.