ಮನೆಯ ಉಪ್ಪುನೀರಿನ ತೊಟ್ಟಿಗೆ ಮೊದಲ ಅನಿಮೋನ್ ತರುವಾಗ ಏನೇನು ಗಮನಿಸಬೇಕು?

ತೊಟ್ಟಿ ಸಿದ್ಧಪಡಿಸಿ ಎರಡು ತಿಂಗಳಾಗಿದೆ, ಈಗಲೇ ಬಬಲ್ ಟಿಪ್ ಅನಿಮೋನ್ (ಎಳೆಗಳ ತುದಿ ಗುಳ್ಳೆಯಂತೆ ಉಬ್ಬುವ ಕಡಲಜೀವಿ) ತರಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ತರಬೇಡಿ; ನೀರಿನ ಗುಣ ಸ್ಥಿರಗೊಳ್ಳಲು ತೊಟ್ಟಿಗೆ ಕನಿಷ್ಠ 6 ತಿಂಗಳಾದರೂ ಆಗಿರಲಿ.

ನೋಡಲು ಹೂವಿನಂತಿದ್ದರೂ ಅನಿಮೋನ್ ಒಂದು ಪ್ರಾಣಿ. ಅದರ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ತಯಾರಿಸುವ ಆಹಾರವೇ ಅದರ ಮುಖ್ಯ ಆಧಾರವಾದ್ದರಿಂದ, ಹವಳಗಳಿಗೆ ಬಳಸುವಂಥ ಪ್ರಬಲ ದೀಪ ಬೇಕೇ ಬೇಕು. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ನೀರಿನ ಉಪ್ಪಿನಂಶವನ್ನು ತೋರಿಸುವ ಸಾಪೇಕ್ಷ ಸಾಂದ್ರತೆ 1.025ರ ಸನಿಹದಲ್ಲಿ ಏರಿಳಿತವಿಲ್ಲದೆ ಇರಲಿ. ತಾಮ್ರವಿರುವ ಮೀನಿನ ಔಷಧಿಯನ್ನು ಆ ತೊಟ್ಟಿಗೆ ಎಂದಿಗೂ ಹಾಕಬಾರದು.

ಅಂಗಡಿಯಲ್ಲಿ ಅದರ ಬಾಯಿಯನ್ನು ಹತ್ತಿರದಿಂದ ನೋಡಿ. ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಅಡಿಯ ಪಾದ ಎಲ್ಲಿಯೂ ಹರಿದಿರಬಾರದು. ಹಾಲಿನಂತೆ ಬೆಳ್ಳಗಿರುವುದು ಚೆಲುವಾಗಿ ಕಂಡರೂ ಅದು ಪಾಚಿಯನ್ನು ಕಳೆದುಕೊಂಡು ಸೊರಗಿರುವ ಜೀವಿ.

ಹೊಸಬರು ಹೆಚ್ಚಾಗಿ ಮರೆಯುವುದು ಪಂಪನ್ನು. ಅನಿಮೋನ್ ತನಗೊಪ್ಪುವ ಕಲ್ಲಿನ ಸಂದು ಸಿಗುವವರೆಗೆ ತೊಟ್ಟಿಯಲ್ಲಿ ನಿಧಾನವಾಗಿ ಸರಿದಾಡುತ್ತದೆ. ಹಾಗೆ ಸರಿಯುತ್ತ ಪಂಪಿಗೆ ಸಿಕ್ಕಿ ಚೂರಾದರೆ, ಅದು ಸಾಯುವುದಲ್ಲದೆ ನೀರು ಕೆಟ್ಟು ಮೀನುಗಳಿಗೂ ಅಪಾಯವಾಗುತ್ತದೆ. ಆದ್ದರಿಂದ ನೀರೆಳೆಯುವ ಬಾಯಿಗಳಿಗೆ ಮೊದಲೇ ಸ್ಪಂಜಿನ ಹೊದಿಕೆ ಹಾಕಿ, ಅದನ್ನು ಆಗಾಗ ತೊಳೆಯಿರಿ. ಅನಿಮೋನ್ ಒಂದೆಡೆ ನೆಲೆನಿಂತ ಮೇಲೆ ಕಿತ್ತು ಬೇರೆಡೆ ಇಡಬೇಡಿ. ವಾರಕ್ಕೊಮ್ಮೆ ಉಗುರಿನಷ್ಟು ಸಿಗಡಿ ತುಣುಕು ಸಾಕು. ಅನಿಮೋನ್‌ಗಳ ನಡುವೆ ವಾಸಿಸುವ ಕ್ಲೌನ್ ಮೀನು ಜೊತೆಗಿರಲೇಬೇಕೆಂದೇನೂ ಇಲ್ಲ.