ಆಲ್ಗಾಂಕ್ವಿನ್‌ನಲ್ಲಿ ಮೂರು ರಾತ್ರಿಯ ಕನೂ ಪ್ರವಾಸ: ಮೊದಲ ದಿನವೇ ಬಿಗ್ ಟ್ರೌಟ್ ಲೇಕ್ ಮುಟ್ಟಬಹುದೇ?

ನೀವು ಕೇಳಿರುವುದು ಇಷ್ಟು: ಟೊರಾಂಟೊದಿಂದ ನಾಲ್ವರು ಸಸ್ಯಾಹಾರಿಗಳು, ಈಜು ಬರುವುದು ಇಬ್ಬರಿಗೆ ಮಾತ್ರ, ಆಗಸ್ಟ್‌ನಲ್ಲಿ ಕೆನಡಾದ ಒಂಟಾರಿಯೊದಲ್ಲಿರುವ ಆಲ್ಗಾಂಕ್ವಿನ್ ಪಾರ್ಕ್‌ನಲ್ಲಿ ಮೂರು ರಾತ್ರಿ, ಕನೂದಲ್ಲಿ (ಹುಟ್ಟು ಹಾಕಿ ಸಾಗುವ ಉದ್ದನೆಯ ಕಿರಿದಾದ ದೋಣಿ). ಕನೂ ಲೇಕ್‌ನಲ್ಲಿ ದೋಣಿ ಇಳಿಸಿ ಮೊದಲ ದಿನವೇ ಬಿಗ್ ಟ್ರೌಟ್ ಲೇಕ್ ಸೇರಬಹುದೇ? ನನ್ನ ಉತ್ತರ: ಬೇಡ. ಮೊದಲ ರಾತ್ರಿ ಬರ್ನ್ಟ್ ಐಲ್ಯಾಂಡ್ ಲೇಕ್‌ನಲ್ಲಿ ಉಳಿಯಿರಿ, ಎರಡನೆಯದು ಆಟರ್‌ಸ್ಲೈಡ್ ಲೇಕ್‌ನಲ್ಲಿ, ಮೂರನೆಯದಕ್ಕೆ ಮತ್ತೆ ಬರ್ನ್ಟ್ ಐಲ್ಯಾಂಡ್‌ಗೇ ವಾಪಸು.

ಕಾರಣ ಪೋರ್ಟೇಜ್. ಒಂದು ಲೇಕ್‌ನಿಂದ ಇನ್ನೊಂದಕ್ಕೆ ದೋಣಿ, ಗಂಟುಮೂಟೆ ಎಲ್ಲ ಹೊತ್ತು ನಡೆಯುವ ಕಾಲುದಾರಿ ಅದು. ಹಳದಿ ಫಲಕದಲ್ಲಿ ಮೀಟರ್ ಲೆಕ್ಕದಲ್ಲಿ ಉದ್ದ ಬರೆದಿರುತ್ತದೆ. ಕನೂ ಲೇಕ್‌ನಿಂದ ಜೋ ಲೇಕ್‌ಗೆ 295 ಮೀಟರ್; ರಸ್ತೆಯಷ್ಟು ಅಗಲ, ಕಲಿಯಲು ಒಳ್ಳೆಯ ಜಾಗ. ಲಿಟಲ್ ಜೋ, ಬೇಬಿ ಜೋ ದಾಟಿ ಬರ್ನ್ಟ್ ಐಲ್ಯಾಂಡ್ ಸೇರಲು ಇನ್ನೆರಡು ಪೋರ್ಟೇಜ್. ಅಲ್ಲಿಂದ ಆಟರ್‌ಸ್ಲೈಡ್‌ಗೆ 790 ಮೀಟರ್. ಆಮೇಲೆ ಬಿಗ್ ಟ್ರೌಟ್‌ಗೆ ಹೋಗುವ ಆಟರ್‌ಸ್ಲೈಡ್ ಹಳ್ಳದಲ್ಲಿ ಒಂದರ ಹಿಂದೆ ಒಂದು ಐದು. ಎಲ್ಲ ಕೂಡಿದರೆ 3 ಕಿ.ಮೀ. ಮೀರುತ್ತದೆ. ಹೊಸಬರಿಗೆ ಎಲ್ಲವನ್ನೂ ಒಂದೇ ಸಲಕ್ಕೆ ಹೊರಲು ಆಗುವುದಿಲ್ಲ. ಒಮ್ಮೆ ಹೊತ್ತು ಹೋಗಿ, ಖಾಲಿ ಕೈಯಲ್ಲಿ ಹಿಂದೆ ಬಂದು, ಉಳಿದದ್ದನ್ನು ಮತ್ತೆ ಹೊರಬೇಕು. ಅಂದರೆ ದೂರ ಮೂರು ಪಟ್ಟು: 790 ಮೀಟರ್ ಹೋಗಿ 2,370 ಆಗುತ್ತದೆ, 3 ಕಿ.ಮೀ. ಹೋಗಿ 9. ನಡಿಗೆ ಬಿಟ್ಟು, ಇಳಿಸಿ ಏರಿಸುವುದಕ್ಕೇ ಪ್ರತಿ ಪೋರ್ಟೇಜಿಗೆ ಕಾಲು ಗಂಟೆ ಹಿಡಿಯಿರಿ. ನೀರಿನ ಮೇಲೆ ಗಂಟೆಗೆ 3 ಕಿ.ಮೀ. ಸಾಗಿದರೆ ನಿಮಗೆ ಸಾಕಷ್ಟಾಯಿತು. ಟೊರಾಂಟೊದಿಂದ ಕಾರಿನಲ್ಲೇ ಮೂರು ಗಂಟೆಗೂ ಮೇಲಾಗುತ್ತದೆ ಎಂಬುದನ್ನೂ ಮರೆಯಬೇಡಿ.

ರಾತ್ರಿ ಉಳಿಯುವ ಪರ್ಮಿಟ್ ಸಿಗುವುದು ಲೇಕ್‌ಗೆ, ಇಂಥದ್ದೇ ಕ್ಯಾಂಪ್‌ಸೈಟ್‌ಗೆ ಅಲ್ಲ. ಕಿತ್ತಳೆ ಬಣ್ಣದ ಫಲಕ ಇರುವ ಖಾಲಿ ಜಾಗ ಯಾವುದು ಸಿಕ್ಕಿತೋ ಅದು ನಿಮ್ಮದು. ಆಗಸ್ಟ್‌ನಲ್ಲಿ ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ತಲುಪದಿದ್ದರೆ ಒಳ್ಳೆಯ ಜಾಗಗಳೆಲ್ಲ ಹೋಗಿರುತ್ತವೆ. ಸುಸ್ತಾಯಿತೆಂದು ಪರ್ಮಿಟ್ ಇಲ್ಲದ ಲೇಕ್‌ನಲ್ಲಿ ಉಳಿಯುವಂತಿಲ್ಲ. ಬುಕಿಂಗ್ ಐದು ತಿಂಗಳು ಮೊದಲೇ, ಬೆಳಿಗ್ಗೆ 7ಕ್ಕೆ ತೆರೆಯುತ್ತದೆ. ವಾರಾಂತ್ಯ ಬೇಕಿದ್ದರೆ ಆ ಹೊತ್ತಿಗೇ ಕೂತಿರಿ. ಆಗಸ್ಟ್ ಕೊನೆಗೆ ಹೋಗುವುದು ಜಾಣತನ. ಮೇ ಮಧ್ಯದಿಂದ ಜೂನ್‌ವರೆಗಿನ ಕಚ್ಚುವ ಕಪ್ಪು ನೊಣದ ಕಾಟ ಮುಗಿದಿರುತ್ತದೆ, ಸೊಳ್ಳೆಯೂ ಕಡಿಮೆ.

ದೋಣಿ ಬಾಡಿಗೆಗೆ ಪಡೆಯುವಾಗ ದುಡ್ಡು ಉಳಿಸಲು ಹೋಗಬೇಡಿ. ಇಬ್ಬರಿಗೊಂದರಂತೆ ಎರಡು, 16 ರಿಂದ 17 ಅಡಿಯ ಕೆವ್ಲಾರ್ (ಹಗುರವಾದ ಕೃತಕ ನಾರು) ಕನೂ ತೆಗೆದುಕೊಳ್ಳಿ. ಕೆವ್ಲಾರ್ ಸುಮಾರು 20 ಕೆ.ಜಿ., ಅಲ್ಯುಮಿನಿಯಂ 30 ದಾಟುತ್ತದೆ. ಕಾಡಿನ ಏರಿನಲ್ಲಿ ಆ ಹತ್ತು ಕೆ.ಜಿ. ಕುತ್ತಿಗೆಗೆ ಗೊತ್ತಾಗುತ್ತದೆ. ಆದರೆ ಕೆವ್ಲಾರ್ ನಾಜೂಕು. ಅರ್ಧ ಬಂಡೆಯ ಮೇಲೆ, ಅರ್ಧ ನೀರಿನಲ್ಲಿ ಇಟ್ಟು ಸಾಮಾನು ಹೇರಿದರೆ ತಳ ಬಿರಿಯುತ್ತದೆ. ಪೂರ್ತಿ ತೇಲುತ್ತಿರುವಾಗ, ದಂಡೆಗೆ ಸಮಾನಾಂತರವಾಗಿ ನಿಲ್ಲಿಸಿ, ಮೊಣಕಾಲು ನೀರಿಗೆ ಇಳಿದು ಹೇರಿ. ಕಾಲು ಒದ್ದೆಯಾಗಬಾರದು ಅನ್ನುವವರೇ ದೋಣಿ ಮಗುಚುವುದು. ನೆನೆಯಲೆಂದೇ ಒಂದು ಜೊತೆ ಹಳೇ ಶೂ ಇರಲಿ. ಚಪ್ಪಲಿ ಬೇಡ, ಕೆಸರು ಎಳೆದುಕೊಳ್ಳುತ್ತದೆ.

ಹೊರಲು ಎತ್ತುವ ಕ್ರಮ: ಮೊದಲು ಹುಟ್ಟುಗಳನ್ನು ಒಳಗೆ ಕಟ್ಟಿ, ಜೋತಾಡುವುದನ್ನೆಲ್ಲ ತೆಗೆಯಿರಿ. ದೋಣಿಯನ್ನು ನೆಲದ ಮೇಲೆ ಬೋರಲು ಹಾಕಿ. ಒಬ್ಬರು ಮುಂದಿನ ತುದಿಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯಲಿ, ಹಿಂದಿನ ತುದಿ ನೆಲದಲ್ಲೇ ಇರಲಿ. ಇನ್ನೊಬ್ಬರು ಅಡಿಗೆ ನುಗ್ಗಿ, ನಡುವಿನ ಅಡ್ಡಪಟ್ಟಿಯನ್ನು, ಅಂದರೆ ನೊಗವನ್ನು, ಹೆಗಲಿಗೆ ಕೊಟ್ಟು ನಿಂತರಾಯಿತು. ಹೆಸರಿಗೆ ತಕ್ಕಂತೆ ಎತ್ತಿನ ನೊಗದ ಹಾಗೇ ಕೂರುತ್ತದೆ. ಹೊತ್ತವರಿಗೆ ಮುಂದಿನ ದಾರಿ ನಾಲ್ಕು ಹೆಜ್ಜೆಯಷ್ಟೇ ಕಾಣುತ್ತದೆ, ಹಾಗಾಗಿ ಚೀಲ ಹೊತ್ತವರು ಮುಂದೆ ನಡೆಯಲಿ.

ಗಾಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅಪಾಯ ಇರುವುದು ಅಲ್ಲೇ. ಬರ್ನ್ಟ್ ಐಲ್ಯಾಂಡ್ ಉದ್ದದ ಬಯಲು ನೀರು. ಬೆಳಿಗ್ಗೆ ಕನ್ನಡಿಯಂತಿದ್ದದ್ದು ಮಧ್ಯಾಹ್ನಕ್ಕೆ ಬಿಳಿ ನೊರೆಯ ಅಲೆ ಎಬ್ಬಿಸುತ್ತದೆ. ಏಳಕ್ಕೆ ನೀರಿಗಿಳಿಯಿರಿ, ನಡುವೆ ಅಡ್ಡ ಹಾಯದೆ ದಂಡೆ ಹಿಡಿದು ಸಾಗಿ. ಭಾರ ತಳದಲ್ಲಿರಲಿ, ಎದುರು ಗಾಳಿ ಇದ್ದರೆ ಒಂದು ಚೀಲ ಮುಂದಕ್ಕೆ ಸರಿಸಿ, ಇಲ್ಲದಿದ್ದರೆ ಮುಂದಿನ ತುದಿ ಗಾಳಿಗೆ ಸಿಕ್ಕು ಪಕ್ಕಕ್ಕೆ ತಿರುಗುತ್ತದೆ. ಅಲೆ ಎದ್ದರೆ ಸೀಟಿನಿಂದ ಇಳಿದು ಮಂಡಿಯೂರಿ. ಅಂಚನ್ನು ಕೈಯಲ್ಲಿ ಹಿಡಿದುಕೊಳ್ಳುವುದು ಹೊಸಬರ ಸಹಜ ಚಟ, ಅದೇ ದೋಣಿಯನ್ನು ವಾಲಿಸುವುದು. ಕೈ ಹುಟ್ಟಿನ ಮೇಲಿರಲಿ. ಗುಡುಗು ಕೇಳಿಸಿತೋ, ದಡ ಸೇರಿ. ಮಗುಚಿದರೆ ಈಜಿ ದಡ ಮುಟ್ಟುವ ಸಾಹಸ ಬೇಡ, ದೋಣಿ ಮುಳುಗುವುದಿಲ್ಲ, ಅದನ್ನೇ ಹಿಡಿದುಕೊಂಡಿರಿ. ಈಜು ಬರುವವರೂ ಸೇರಿ ನಾಲ್ವರೂ ಲೈಫ್ ಜಾಕೆಟ್ ತೊಟ್ಟು ಬಿಗಿದಿರಬೇಕು, ಸೀಟಿನಡಿ ಇಟ್ಟದ್ದು ಲೆಕ್ಕಕ್ಕಿಲ್ಲ. ಇದೇ ಕನೂ ಲೇಕ್‌ನಲ್ಲಿ ಚಿತ್ರಕಾರ ಟಾಮ್ ಥಾಮ್ಸನ್ 1917ರ ಜುಲೈ 8ರಂದು ದೋಣಿಯಲ್ಲಿ ಹೋದವರು ಮರಳಲಿಲ್ಲ. ಪಳಗಿದ ಕೈ ಅವರದು. ಸಾವಿನ ಕಾರಣದ ಬಗ್ಗೆ ಜನ ಇಂದಿಗೂ ಜಗಳವಾಡುತ್ತಾರೆ. ಪ್ರತಿ ದೋಣಿಯಲ್ಲೂ 15 ಮೀಟರ್ ತೇಲುವ ಹಗ್ಗ, ನೀರು ಮೊಗೆಯಲು ಒಂದು ಡಬ್ಬ, ಸೀಟಿ ಇರಬೇಕು. ಬಾಡಿಗೆಯವರು ಕೊಟ್ಟಿದ್ದಾರೆಯೇ ನೋಡಿಕೊಳ್ಳಿ.

ಊಟದಲ್ಲಿ ನಮ್ಮವರು ಎಡವುವುದು ಉಪ್ಪಿನಕಾಯಿಯಲ್ಲಿ. ಒಳಕಾಡಿಗೆ ತಿಂಡಿ-ಪಾನೀಯದ ಟಿನ್, ಗಾಜಿನ ಬಾಟಲಿ ಒಯ್ಯುವುದು ನಿಷಿದ್ಧ, ಬಿಯರ್ ಕ್ಯಾನ್ ಕೂಡ. ಎಲ್ಲವನ್ನೂ ಜಿಪ್ ಚೀಲಕ್ಕೆ ಹಾಕಿ. ರವೆಯನ್ನು ಒಗ್ಗರಣೆ ಸಮೇತ ಮನೆಯಲ್ಲೇ ಹುರಿದು, ತಲೆಗೆ 75 ಗ್ರಾಂನಂತೆ ಪೊಟ್ಟಣ ಕಟ್ಟಿ. ಅಲ್ಲಿ ಕುದಿನೀರು ಹಾಕಿದರೆ ಉಪ್ಪಿಟ್ಟು. ಮಧ್ಯಾಹ್ನಕ್ಕೆ ಗೊಜ್ಜವಲಕ್ಕಿ, ಒಲೆಯೇ ಬೇಡ. ರಾತ್ರಿಗೆ ಹೆಸರುಬೇಳೆ ಖಿಚಡಿ. ತೊಗರಿಬೇಳೆ ಒಯ್ಯಬೇಡಿ: ಕುಕ್ಕರ್ ಇಲ್ಲದೆ ಬೇಗ ಬೇಯುವುದಿಲ್ಲ, ಗ್ಯಾಸ್ ಮುಗಿಯುತ್ತದೆ. 230 ಗ್ರಾಂ ಗ್ಯಾಸ್ ಕ್ಯಾನಿಸ್ಟರ್ ಒಂದರಲ್ಲಿ ಗಾಳಿ ಮರೆ ಇದ್ದರೆ ಸುಮಾರು 12 ಲೀಟರ್ ನೀರು ಕುದಿಯುತ್ತದೆ. ನಾಲ್ವರಿಗೆ ಮೂರು ರಾತ್ರಿಗೆ ಎರಡು ಸಾಲದು, ಮೂರು ಇರಲಿ. ಕುಡಿಯುವ ನೀರನ್ನು ಲೇಕ್‌ನಿಂದಲೇ ತೆಗೆದು ಫಿಲ್ಟರ್ ಮಾಡಿ, ಇಲ್ಲವೇ ಒಂದು ನಿಮಿಷ ಕೊತಕೊತ ಕುದಿಸಿ. ಎಷ್ಟು ತಿಳಿಯಾಗಿ ಕಂಡರೂ ಜಿಯಾರ್ಡಿಯಾ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಇರಬಹುದು, ಭೇದಿ ವಾರಗಟ್ಟಲೆ ಬಿಡುವುದಿಲ್ಲ.

ಕಪ್ಪು ಕರಡಿ ಇವೆ. ತಿನ್ನುವುದಷ್ಟೇ ಅಲ್ಲ, ಟೂತ್‌ಪೇಸ್ಟ್, ಸೋಪು ಕೂಡ ಒಂದೇ ಚೀಲದಲ್ಲಿ ಹಾಕಿ, ಟೆಂಟ್‌ನಿಂದ ದೂರ, ನೆಲದಿಂದ 4 ಮೀಟರ್ ಎತ್ತರ, ಕಾಂಡದಿಂದ ಕನಿಷ್ಠ 2 ಮೀಟರ್ ಆಚೆ ನೇತುಹಾಕಿ. ಬೆಳಕಿರುವಾಗಲೇ ಕೊಂಬೆ ಹುಡುಕಿ ಹಗ್ಗ ಎಸೆದಿಡಿ. ಕತ್ತಲಲ್ಲಿ ಹೆಡ್‌ಲ್ಯಾಂಪ್ ಹಾಕಿಕೊಂಡು ಹಗ್ಗ ಎಸೆಯುವುದು ನೋಡುವವರಿಗೆ ಮಾತ್ರ ತಮಾಷೆ.

ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಆಗಸ್ಟ್ ರಾತ್ರಿಯಲ್ಲೂ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಪಾರ್ಕ್ ಹಾದುಹೋಗುವ ಹೆದ್ದಾರಿ 60 ಬಿಟ್ಟು ಒಳಗೆ ಹೋದರೆ ಮೊಬೈಲ್ ಸಿಗ್ನಲ್ ನಂಬಬೇಡಿ. ಕಾಗದದ ನಕ್ಷೆ ನೀರು ತಾಗದ ಚೀಲದಲ್ಲಿರಲಿ, ಉಪಗ್ರಹ ಸಂದೇಶದ ಸಾಧನವೊಂದನ್ನು ಬಾಡಿಗೆಗೆ ಪಡೆಯಿರಿ. ಊರಲ್ಲಿ ಉಳಿದವರೊಬ್ಬರಿಗೆ ಪ್ರತಿ ರಾತ್ರಿಯ ಲೇಕ್‌ನ ಹೆಸರು, ದೋಣಿಗಳ ಬಣ್ಣ, ಕಾರಿನ ನಂಬರ್ ಬರೆದುಕೊಡಿ. ಇಷ್ಟು ಹೊತ್ತಿಗೆ ಫೋನ್ ಬರದಿದ್ದರೆ ತುರ್ತು ಸಂಖ್ಯೆ 911ಕ್ಕೆ ತಿಳಿಸಿ ಎಂದು ಗಂಟೆ ಸಮೇತ ಹೇಳಿಡಿ. ಆ ಗಂಟೆಯನ್ನು ಕೊನೆಯ ದಿನದ ಸಂಜೆಗಲ್ಲ, ಮಾರನೇ ದಿನ ಮಧ್ಯಾಹ್ನಕ್ಕೆ ಇಡಿ. ಗಾಳಿ ಜೋರಾದರೆ ಬರ್ನ್ಟ್ ಐಲ್ಯಾಂಡ್ ದಂಡೆಯಲ್ಲೇ ಅರ್ಧ ದಿನ ಕಾಯಬೇಕಾಗಬಹುದು, ಆಗ ಮನೆಯಲ್ಲಿ ಯಾರೂ ಗಾಬರಿಬಿದ್ದು ಹುಡುಕಾಟ ಶುರು ಮಾಡಿಸಬಾರದು.