‘ಚೆನ್ನಾಗಿತ್ತು ಸಾರ್’ ಎಂಬ ಉತ್ತರದಿಂದ ಏನು ತಿಳಿಯಿತು?

ಮಾನ್ಯ ಶಿಕ್ಷಕರೇ,

ವರ್ಷದ ಕೊನೆಗೆ ಎಂಟನೇ ತರಗತಿಯ ಮಕ್ಕಳಿಗೆ ‘ನನ್ನ ಗಣಿತ ಪಾಠ ಹೇಗಿತ್ತು?’ ಎಂದು ಬರೆಯಲು ಹೇಳಿದಿರಿ. ಹೆಚ್ಚಿನವರು ‘ಚೆನ್ನಾಗಿತ್ತು ಸಾರ್’ ಎಂದರು, ಒಬ್ಬ ‘ಬೋರು’ ಎಂದ. ಇದರಿಂದ ಯಾರಿಗೇನು ಪ್ರಯೋಜನ ಎಂಬುದು ನಿಮ್ಮ ಪ್ರಶ್ನೆ. ಮಕ್ಕಳನ್ನು ಕೇಳಿದ್ದು ಸರಿಯೇ. ಆದರೆ ‘ಹೇಗಿತ್ತು’ ಎಂದರೆ ಅವರು ಮೇಷ್ಟ್ರ ಬಗ್ಗೆ ಬರೆಯುತ್ತಾರೆ, ಅಂಕ ಕೊಡುವ ಮೇಷ್ಟ್ರ ಬಗ್ಗೆ ಕೆಟ್ಟದ್ದನ್ನು ಯಾರು ಬರೆದಾರು? ಅಲ್ಲದೆ ವರ್ಷ ಮುಗಿದ ಮೇಲೆ ಬರೆದರೆ ಬರೆದ ಮಗುವಿಗೆ ಏನೂ ದಕ್ಕುವುದಿಲ್ಲ.

ಪಾಠ ನಡೆಯುತ್ತಿರುವಾಗಲೇ ಕೇಳಿ. 40 ನಿಮಿಷದ ಪೀರಿಯಡ್ಡಿನಲ್ಲಿ ಕೊನೆಯ ಐದು ನಿಮಿಷ ಸಾಕು. ನೋಟ್‌ಬುಕ್ ಹಾಳೆಯ ಕಾಲು ಭಾಗದಷ್ಟು ಚೀಟಿ, ಹೆಸರು ಬೇಡ. ಮೇಲೆ ಒಂದು ಲೆಕ್ಕ, ಕೆಳಗೆ ಒಂದೇ ಪ್ರಶ್ನೆ: ‘ಇವತ್ತು ಯಾವ ಹೆಜ್ಜೆಯಲ್ಲಿ ಸಿಕ್ಕಿಹಾಕಿಕೊಂಡೆ?’

ಲೆಕ್ಕ ಯಾಕೆಂದರೆ, ಅರ್ಥವಾಗಿದೆ ಎಂದು ಮಕ್ಕಳು ನಿಜವಾಗಿಯೂ ನಂಬಿರುತ್ತಾರೆ. ರೇಖಾತ್ಮಕ ಸಮೀಕರಣದ ಪಾಠವನ್ನೇ ನೋಡಿ. 2x + 7 = 19 ಕೊಟ್ಟರೆ ಕೆಲವರು 2x = 26 ಎಂದು ಬರೆದು, ಕೆಳಗೆ ‘ಎಲ್ಲಾ ಗೊತ್ತಾಯ್ತು’ ಎಂದೂ ಬರೆಯುತ್ತಾರೆ. ‘ಆ ಕಡೆ ಹೋದರೆ ಚಿಹ್ನೆ ಬದಲು’ ಎಂಬ ಸೂತ್ರ ಬಾಯಿಗೆ ಬಂದಿದೆ, ಎರಡೂ ಕಡೆಯಿಂದ 7 ಕಳೆಯುತ್ತಿದ್ದೇವೆ ಎಂಬುದು ತಲೆಗೆ ಹೋಗಿಲ್ಲ. ಇಂಥ ಚೀಟಿ ಹತ್ತು ಬಂದರೆ ಮರುದಿನ ಇನ್ನಷ್ಟು ಲೆಕ್ಕ ಕೊಡುವುದರಿಂದ ಉಪಯೋಗವಿಲ್ಲ. ಪಕ್ಷಾಂತರದ (ಸಂಖ್ಯೆಯನ್ನು ‘ಆ ಕಡೆ’ ಸಾಗಿಸುವ) ಮಾತು ಬಿಟ್ಟು, ಸಮೀಕರಣದ ಎರಡೂ ಬದಿಗೆ ‘– 7’ ಬರೆದು ತೋರಿಸಬೇಕು. ಉತ್ತರ 6 ಎಂದು ಬಂದ ಮೇಲೆ ಅದನ್ನು x ಜಾಗದಲ್ಲಿಟ್ಟು 19 ಬರುತ್ತದೆಯೇ ಎಂದು ಅವರಿಂದಲೇ ತಾಳೆ ನೋಡಿಸಿ.

ಚೀಟಿಗಳನ್ನು ಮೂರು ಗುಡ್ಡೆ ಮಾಡಿ: ಪಾಠದಲ್ಲಿನ ತೊಡಕು, ಕಲಿಸುವ ರೀತಿಯ ದೂರು (ವೇಗ ಹೆಚ್ಚಾಯಿತು, ಬೋರ್ಡಿನ ಕೆಳಗಿನ ಸಾಲು ಹಿಂದಿನ ಬೆಂಚಿಗೆ ಕಾಣುವುದಿಲ್ಲ), ಉಳಿದದ್ದು. ದೊಡ್ಡ ಗುಡ್ಡೆಯಿಂದ ಒಂದನ್ನು ಮಾತ್ರ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ‘ಬೋರು’ ಒಂದೇ ಇದ್ದರೆ ಪಕ್ಕಕ್ಕಿಡಿ.

ಬಹಳ ಕಡೆ ಕೆಡುವುದು ಇದರ ನಂತರ. ಮರುದಿನ ಪಾಠಕ್ಕೆ ಮೊದಲು ಎರಡು ನಿಮಿಷ ‘ನೀವು ಹೀಗೆ ಬರೆದಿದ್ದಿರಿ, ಇವತ್ತಿನಿಂದ ಹೀಗೆ ಮಾಡುತ್ತೇನೆ, ಇದನ್ನು ಮಾತ್ರ ಬದಲಿಸಲಾಗದು, ಕಾರಣ ಇದು’ ಎಂದು ಹೇಳಲೇಬೇಕು. ಹೇಳದಿದ್ದರೆ ಮಕ್ಕಳು ಮತ್ತೆ ‘ಚೆನ್ನಾಗಿತ್ತು ಸಾರ್’ಗೆ ಮರಳುತ್ತಾರೆ. ದಿನಾ ಕೇಳಿದರೂ ಅಷ್ಟೇ, ಹದಿನೈದು ದಿನಕ್ಕೊಮ್ಮೆ ಸಾಕು. ಇನ್ನು, ಅಕ್ಷರ ನೋಡಿ ಯಾರೆಂದು ಗುರುತಿಸುವ ಆಸೆಯನ್ನು ದಯವಿಟ್ಟು ಬಿಡಿ. ಒಮ್ಮೆ ‘ಇದನ್ನು ಬರೆದವನು ನೀನೇ ಅಲ್ಲವೇ’ ಎಂದರೆ ಇಡೀ ತರಗತಿ ಬಾಯಿ ಮುಚ್ಚುತ್ತದೆ.

ಒಂದು ಬಗೆಯ ಚೀಟಿಗೆ ಮಾತ್ರ ಈ ಎಣಿಕೆ ಲಾಗೂ ಆಗದು. ಹೊಡೆತ, ಅವಮಾನ, ಕಿರುಕುಳದ ಮಾತು ಒಂದೇ ಚೀಟಿಯಲ್ಲಿದ್ದರೂ ಸಾಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ಅಂಥ ಚೀಟಿಯನ್ನು ತರಗತಿಯಲ್ಲಿ ಓದಬೇಡಿ. ಅಂದೇ ಮುಖ್ಯ ಶಿಕ್ಷಕರಿಗೆ ತಿಳಿಸಿ. ಅಲ್ಲಿ ಕದಲಿಕೆ ಕಾಣದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ನೀವೇ ಕರೆ ಮಾಡಿ.

– ಸಂಪಾದಕ